ಕೊಳವೆಯೊಳಗಿನ ಕಣಜ

ನಾಪೋಕ್ಲಿನ ಕಡೆ ನನ್ನನ್ನು ಬಹಳ ಕಾಲ ‘ಹುಳ ಸಾಕುವ ಸೊಸೆ’ ಎಂದೇ ಕರೆಯುತ್ತಿದ್ದರು. ಎದುರಿಗೆ ಯಾರೂ ಹೇಳಲಿಲ್ಲ. ಬಸ್ಸಿಗೆ ಕಾಯುವಾಗ, ಅಕ್ಕಿ ಗಿರಣಿಯ ಮುಂದೆ ನಿಂತಾಗ ಬೆನ್ನ ಹಿಂದೆ ಕೇಳಿಬರುತ್ತಿತ್ತು. ನಾನು ತಿರುಗಿ ನೋಡುತ್ತಿದ್ದೆ, ಅವರು ಮಾತು ನಿಲ್ಲಿಸುತ್ತಿದ್ದರು. ಆ ಹೆಸರಿನಲ್ಲಿ ಸುಳ್ಳೇನೂ ಇರಲಿಲ್ಲ; ನಾನು ಹುಳ ಸಾಕುತ್ತಿದ್ದುದು ನಿಜ. ಅದಕ್ಕೆ ನಾನು ನಾಚಿಕೊಳ್ಳಬೇಕೆಂದು ಅವರ ಆಸೆ. ಅದೊಂದನ್ನು ಮಾತ್ರ ನಾನು ಮಾಡಲಿಲ್ಲ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಮಡಿಕೇರಿಯ ಕಾಲೇಜಿನಲ್ಲಿ ನಾನು ಇಂಟರ್‌ಮೀಡಿಯೆಟ್ ಓದುತ್ತಿದ್ದೆ. ವಿಜ್ಞಾನ ತೆಗೆದುಕೊಂಡ ಹುಡುಗಿಯರು ಒಂದು ಬೆಂಚು ತುಂಬುವಷ್ಟೂ ಇರಲಿಲ್ಲ. ನಮ್ಮ ಪ್ರಾಣಿಶಾಸ್ತ್ರದ ಮೇಷ್ಟ್ರು ಒಂದು ದಿನ ನೇರಳೆ ಮರದ ಎಲೆಯೊಂದನ್ನು ಹಿಡಿದುಕೊಂಡು ಬಂದರು. ಎಲೆಯ ಮೇಲೆ ಮೊಡವೆಯಂತೆ ಗಂಟುಗಳೆದ್ದಿದ್ದವು. ಗಿಡಕ್ಕೆ ಇದು ಕಾಯಿಲೆಯಲ್ಲ, ಒಂದು ಪುಟ್ಟ ಕೀಟ ಗಿಡದಿಂದ ಕಟ್ಟಿಸಿಕೊಂಡ ಮನೆ ಎಂದರು. ಮರಿ ಕೀಟ ಎಲೆಯೊಳಗೆ ಕೂತು ಏನನ್ನೋ ಒಸರುತ್ತದೆ; ಗಿಡ ಮೋಸಹೋಗಿ ತನ್ನದೇ ರಸದಿಂದ ಅದರ ಸುತ್ತ ಗೋಡೆ ಎಬ್ಬಿಸುತ್ತದೆ, ಉಣ್ಣಲು ಮೆತ್ತನೆಯ ತಿರುಳನ್ನೂ ಕೊಡುತ್ತದೆ. ಕೆಲವು ದೇಶಗಳಲ್ಲಿ ಇಂಥ ಗಂಟುಗಳನ್ನು ಮಾಡುವುದು ಕಣಜದ ಜಾತಿಯ ಕೀಟಗಳೇ ಅಂತೆ. ನಮ್ಮಲ್ಲಿ ಮಾಡುವವರು ಹಲವರು, ನೊಣದ ಜಾತಿ, ಹೇನಿನ ಜಾತಿ, ಕಣಜದ ಜಾತಿ. ಒಬ್ಬೊಬ್ಬರಿಗೆ ಒಂದೊಂದೇ ಗಿಡ, ಆ ಗಿಡದಲ್ಲೂ ಒಂದೇ ಜಾಗ.

‘ಈ ಗಂಟಿನಿಂದ ಏನು ಹೊರಗೆ ಬರುತ್ತದೆ?’ ಎಂದು ಮೇಷ್ಟ್ರು ಕೇಳಿದರು.

ಗಂಟು ಮಾಡಿದ ಕೀಟವೇ ಎಂದು ಎಲ್ಲರೂ ಹೇಳಿದೆವು. ಅವರು ಎಲೆಯನ್ನು ಗಾಜಿನ ಭರಣಿಯಲ್ಲಿಟ್ಟು ಬಾಯಿಗೆ ಬಟ್ಟೆ ಕಟ್ಟಿದರು. ಕೆಲವು ದಿನಗಳ ಮೇಲೆ ಅದರಲ್ಲಿ ಓಡಾಡುತ್ತಿದ್ದುದು ಬೇರೆಯೇ, ಎಳ್ಳಿಗಿಂತ ಸಣ್ಣ, ಹಸಿರು ಹೊಳಪಿನ ಕಣಜಗಳು. ಗಂಟಿನೊಳಗಿನ ಮರಿಯನ್ನು ತಿಂದು ಬೆಳೆದವು. ಗಂಟು ದಪ್ಪವಾದರೆ ಕಣಜ ಮೊಟ್ಟೆಯಿಡಲು ಚುಚ್ಚುವ ಸೂಜಿ ಒಳಗೆ ಮುಟ್ಟುವುದಿಲ್ಲ, ಉದ್ದ ಸೂಜಿಯವು ಮಾತ್ರ ಮರಿ ಮಾಡುತ್ತವೆ. ಸೂಜಿ ಉದ್ದವಾದರೆ ಇನ್ನೂ ದಪ್ಪ ಗಂಟಿನೊಳಗಿದ್ದವು ಮಾತ್ರ ಉಳಿಯುತ್ತವೆ. ಮನುಷ್ಯ ಹುಟ್ಟುವುದಕ್ಕೆ ಎಷ್ಟೋ ಮೊದಲಿನಿಂದ ಈ ಜಗಳ ನಡೆದಿದೆ ಎಂದು ಮೇಷ್ಟ್ರು ಹೇಳಿದ ದಿನ ನಾನು ಮಧ್ಯಾಹ್ನದ ಬುತ್ತಿ ಬಿಚ್ಚುವುದನ್ನೇ ಮರೆತೆ. ಕಣ್ಣಿಗೆ ಕಾಣದಷ್ಟು ಸಣ್ಣ ಜಾಗದಲ್ಲಿ ಇಷ್ಟು ದೊಡ್ಡದೊಂದು ನಡೆಯುತ್ತಿದೆ, ನಾನು ಇಷ್ಟು ದಿನ ಅದರ ಪಕ್ಕದಲ್ಲೇ ನಡೆದು ಹೋಗುತ್ತಿದ್ದೆ!

ಪರೀಕ್ಷೆ ಮುಗಿಯುತ್ತಿದ್ದಂತೆ ಮದುವೆಯಾಯಿತು. ಮುಂದೆ ಓದುತ್ತೇನೆ ಎಂದೆ. ಓದಿದ್ದು ಸಾಕು ಎಂದರು ಅಪ್ಪ. ಸಾಕಾಗಿಲ್ಲ ಎಂದೆ. ಮಾತು ಅಲ್ಲಿಗೇ ನಿಂತಿತು, ಮದುವೆ ನಿಲ್ಲಲಿಲ್ಲ.

ಗಂಡನ ಮನೆ ನಾಪೋಕ್ಲಿನಿಂದ ನಡೆದು ಹೋಗುವಷ್ಟು ದೂರದಲ್ಲಿ. ಮುಂದೆ ಗದ್ದೆಯ ಬಯಲು, ಹಿಂದೆ ಒಂದಿಷ್ಟು ಕಾಫಿ. ನಮ್ಮವರು ಸಿದ್ದಾಪುರದ ಕಡೆಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು, ಭಾನುವಾರಕ್ಕೆ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಮನೆಯಲ್ಲಿ ಅತ್ತೆ, ಮಾವ, ನಾನು. ಮಾವ ನನ್ನೊಂದಿಗೆ ನೇರವಾಗಿ ಮಾತಾಡುತ್ತಿರಲಿಲ್ಲ. ಅದು ಆ ಕಾಲದ ಮರ್ಯಾದೆ. ನಾನು ಎದುರಿಗೇ ನಿಂತಿದ್ದರೂ ಅತ್ತೆಯ ಕಡೆ ನೋಡಿ ‘ನಿನ್ನ ಸೊಸೆಗೆ ಹೇಳ್’ ಎನ್ನುತ್ತಿದ್ದರು.

ಒಡೆದ ಲಾಟೀನಿನಿಂದ ಉಳಿದ ಗಾಜಿನ ಬುರುಡೆಯೊಂದು ಅಟ್ಟದಲ್ಲಿ ಸಿಕ್ಕಿತು. ಅದರ ಎರಡು ಬಾಯಿಗೂ ಹಳೆಯ ಪಂಚೆಯ ತುಂಡು ಕಟ್ಟಿ, ಗಂಟು ಬಿದ್ದ ಎಲೆಗಳನ್ನು ತಂದಿಟ್ಟು ಅಡಿಗೆಮನೆಯ ಕಿಟಕಿಯಲ್ಲಿ ನಿಲ್ಲಿಸಿದೆ. ಮಾವ ಕಂಡರು.

‘ಉಂಬ ಜಾಗಲಿ ಹುಳ ಬೇಡ ಅಂತ ನಿನ್ನ ಸೊಸೆಗೆ ಹೇಳ್.’

ಅತ್ತೆ ಹೇಳುವ ಮೊದಲೇ ನಾನು ಬುರುಡೆಯನ್ನು ಎತ್ತಿ ಬಚ್ಚಲಮನೆಯ ಗೂಡಿಗೆ ಸಾಗಿಸಿದೆ. ಬಿಸಾಡಲಿಲ್ಲ. ಬಿಸಾಡು ಎಂದು ಅವರೂ ಹೇಳಿರಲಿಲ್ಲ, ಹೇಳಿದ್ದರೆ ಕೊಟ್ಟಿಗೆಗೆ ಸಾಗಿಸುತ್ತಿದ್ದೆ.

ಎರಡನೆಯ ಮಳೆಗಾಲದಲ್ಲಿ, ನಾಟಿ ಮುಗಿದು ಪೈರಿನ ಬುಡದಿಂದ ಹೊಸ ಕವಲು, ಅಂದರೆ ತೆಂಡೆ, ಒಡೆಯುವ ಹೊತ್ತಿಗೆ, ಗದ್ದೆಯಲ್ಲಿ ಅಲ್ಲಲ್ಲಿ ಎಲೆಯ ಬದಲು ಕೊಳವೆಗಳು ಏಳತೊಡಗಿದವು. ಈರುಳ್ಳಿ ಸೊಪ್ಪಿನ ಹಾಗೆ ಉರುಟು, ಬೆಳ್ಳಗೆ, ಒಳಗೆ ಟೊಳ್ಳು. ಕುಟ್ಟದ ಕಡೆಯಿಂದ ಕೆಲಸಕ್ಕೆ ಬರುತ್ತಿದ್ದವರು ಅದನ್ನು ಆನೆಕೊಂಬು ಎನ್ನುತ್ತಿದ್ದರು. ಕೊಳವೆಯಾದ ತೆಂಡೆ ತೆನೆ ಬಿಡುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಮಾವ ಗದ್ದೆಯಿಂದ ಬಂದವರು ಕಾಲು ತೊಳೆಯದೆ ಜಗಲಿಯಲ್ಲಿ ಕೂತರು. ಅತ್ತೆ ಕೊಟ್ಟ ಕಾಫಿ ಆರಿಹೋಯಿತು.

ನಾನು ಕಂಬಳಿ ಕೊಪ್ಪೆ ಹಾಕಿಕೊಂಡು ಗದ್ದೆಗೆ ಇಳಿದೆ. ಒಂದು ಕೊಳವೆಯನ್ನು ಬುಡದಿಂದ ಕಿತ್ತು ಉಗುರಿನಲ್ಲಿ ಸೀಳಿದೆ. ಬುಡದಲ್ಲಿ, ತೆನೆ ಹುಟ್ಟಬೇಕಾದ ಜಾಗದಲ್ಲಿ, ಒಂದು ಮರಿಹುಳ. ನೇರಳೆ ಎಲೆಯ ಗಂಟಿನದೇ ಕಥೆ ಇದು. ಇಲ್ಲಿ ಗಿಡ ಗಂಟಿನ ಬದಲು ಕೊಳವೆ ಕಟ್ಟಿಕೊಟ್ಟಿದೆ. ಹುಳ ಬೆಳೆದು ಸೊಳ್ಳೆಯಂಥ ಕೆಂಪು ನೊಣವಾಗಿ ಕೊಳವೆಯ ತುದಿಗೆ ತೂತು ಮಾಡಿ ಹಾರುತ್ತದೆ. ನೊಣ ಹಾರಿಹೋದ ಕೊಳವೆಗಳ ತುದಿಯಲ್ಲಿ ಬಿಳಿಯ ಪೊರೆ ಸಿಕ್ಕಿಕೊಂಡಿರುತ್ತಿತ್ತು. ಆದರೆ ನಾನು ಸೀಳಿದ ಕೆಲವು ಕೊಳವೆಗಳಲ್ಲಿ ಹುಳ ಹುಳದಂತಿರಲಿಲ್ಲ. ಚರ್ಮ ಬಿಗಿದು, ಒಳಗೆ ಸಾಸಿವೆ ತುಂಬಿದ ಚೀಲದ ಹಾಗೆ ಉಬ್ಬಿಕೊಂಡಿತ್ತು. ಇಲ್ಲೂ ಒಳಗೆ ಕಣಜ ಸೇರಿದೆ ಎಂದು ಊಹಿಸಿ ಮಡಿಲು ತುಂಬ ಕೊಳವೆ ಕಿತ್ತು ತಂದು, ಬುಡವನ್ನು ಒದ್ದೆ ಮರಳಿನಲ್ಲಿ ಊರಿ ಗಾಜಿನ ಬುರುಡೆ ಮುಚ್ಚಿದೆ.

ಆ ವಾರವೇ ಗ್ರಾಮಸೇವಕರು ಬಂದರು. ಮಂಡ್ಯದ ಕಡೆಯ ಎಳೆ ವಯಸ್ಸಿನವರು, ಕೊಡಗಿನ ಮಳೆಗೆ ಇನ್ನೂ ಒಗ್ಗಿರಲಿಲ್ಲ, ಛತ್ರಿ ಹಿಡಿದರೂ ತೊಯ್ದಿದ್ದರು. ಜಗಲಿಯಲ್ಲಿ ಕೂತು ಮಾವನಿಗೆ ವಿವರಿಸಿದರು.

‘ಇದಕ್ಕೆ ಎಂಡ್ರಿನ್ ಅಂತ ಔಷಧಿ ಹೊಡೀಬೇಕು ಯಜಮಾನ್ರೆ. ಬಯಲಿನವರೆಲ್ಲ ಒಪ್ಕೊಂಡವ್ರೆ. ಪಂಪು ನಾನೇ ತಂದುಕೊಡ್ತೀನಿ.’

ನಾನು ಬಾಗಿಲಲ್ಲಿ ನಿಂತಿದ್ದೆ. ‘ಹುಳ ಕೊಳವೆಯೊಳಗೆ, ಬುಡದಲ್ಲಿ ಇದೆ. ಔಷಧಿ ಅಲ್ಲಿಗೆ ಮುಟ್ಟುತ್ತದಾ?’ ಎಂದು ಕೇಳಿದೆ.

ಅವರು ಮಾವನ ಮುಖ ನೋಡಿದರು. ಮಾವ ಅಂಗಳ ನೋಡುತ್ತಿದ್ದರು.

‘ಮೇಲಿಂದ ಹೇಳಿರೋದು ಹೊಡೀಬೇಕು ಅಂತ ಕಣಮ್ಮಾ.’

‘ಮುಟ್ಟುತ್ತದಾ ಅಂತ ಕೇಳಿದೆ.’

‘ಒಳಗಿರೋದಕ್ಕೆ ಕಷ್ಟ. ಹೊರಗೆ ಹಾರೋವು ಸಾಯ್ತವೆ.’

‘ಹೊರಗೆ ಹಾರುವುದರಲ್ಲಿ ನಮ್ಮ ಪರವಾದದ್ದೂ ಇದೆ,’ ಎಂದೆ. ಅದು ಅವರಿಗೆ ಅರ್ಥವಾಗಲಿಲ್ಲ. ಮಾವ ಎದ್ದು ಒಳಗೆ ಹೋದರು. ಆ ಸಂಜೆ ಅತ್ತೆಯ ಮೂಲಕ ಮಾತು ಬಂತು: ಹೊರಗಿನವರ ಎದುರು ಮನೆಯ ಹೆಂಗಸು ಬಾಯಿ ಹಾಕುವುದು ಬೇಡ. ‘ಕೇಳಿದ್ದು ಸರಿಯಾದ ಪ್ರಶ್ನೆ ಅಂತ ಮಾವಂಗೆ ಹೇಳಿ ಅತ್ತೆ’ ಎಂದೆ. ಅತ್ತೆ ಹೇಳಲಿಲ್ಲ, ನಗುತ್ತಾ ಒಲೆ ಊದಿದರು.

ಭಾನುವಾರ ನಮ್ಮವರು ಬಂದಾಗ ಎಲ್ಲ ಹೇಳಿದೆ.

‘ಅಪ್ಪನ ಎದುರು ನಿಲ್ಲಬೇಡ,’ ಎಂದರು.

‘ನಿಲ್ಲುತ್ತೇನೆ.’

ಅವರು ಮುಂದಿನ ವಾರ ಬರುವಾಗ ಚೀಲದಿಂದ ಒಂದು ಭೂತಗನ್ನಡಿ ತೆಗೆದು ಮಂಚದ ಮೇಲಿಟ್ಟರು. ಎಲ್ಲಿಂದ ತಂದರೋ, ನಾನು ಕೇಳಲಿಲ್ಲ. ಜಗಳ ನನ್ನದು, ಕನ್ನಡಿ ಅವರದು, ಅಷ್ಟರಲ್ಲೇ ಅವರ ನಿಲುವು ತಿಳಿದಿತ್ತು.

ಅಷ್ಟರಲ್ಲಿ ಬುರುಡೆಯೊಳಗೆ ಕೆಂಪು ನೊಣಗಳು ಹೊರಬಿದ್ದಿದ್ದವು. ಅವುಗಳ ಹಿಂದೆ ಕಪ್ಪು ಚುಕ್ಕಿಗಳಂತೆ ಕಣಜಗಳು ಬಂದವು, ದಿನದಿಂದ ದಿನಕ್ಕೆ ಹೆಚ್ಚಾಗಿ. ಒಂದೇ ಹುಳದ ಚರ್ಮದೊಳಗಿಂದ ಹಿಂಡಿಗೆ ಹಿಂಡು. ಕನ್ನಡಿ ಹಿಡಿದರೆ ಅವುಗಳ ಮೊಣಕೈಯಂತೆ ಬಾಗಿದ ಮೀಸೆ, ನರವಿಲ್ಲದ ರೆಕ್ಕೆ ಕಾಣುತ್ತಿದ್ದವು. ತಾಯಿ ಕಣಜ ನೊಣದ ಮೊಟ್ಟೆಯೊಳಗೇ ತನ್ನ ಮೊಟ್ಟೆ ಇಟ್ಟಿರುತ್ತದೆ. ಆ ಒಂದು ಮೊಟ್ಟೆ ಒಡೆದು ಹಲವಾಗುತ್ತದೆ. ನೊಣದ ಮರಿ ಏನೂ ಗೊತ್ತಿಲ್ಲದೆ ಕೊಳವೆ ಕಟ್ಟಿಸಿಕೊಂಡು, ಉಂಡು ಬೆಳೆಯುತ್ತದೆ, ಬೆಳೆದ ಮೇಲೆ ಒಳಗಿನಿಂದ ಖಾಲಿಯಾಗುತ್ತದೆ. ಮೊಟ್ಟೆ ಒಡೆದು ಹಲವಾಗುವ ಸಂಗತಿ ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ, ಓದಿ. ಅವತ್ತು ಕಂಡದ್ದು ಚೀಲದಂಥ ಹುಳ, ಚೀಲದಿಂದ ಬಂದ ಕಣಜ. ಅದೇ ನನಗೆ ಸಾಕಾಗಿತ್ತು.

ಮಾವನಿಗೆ ತೋರಿಸಲೇಬೇಕೆಂದು ಬುರುಡೆಯನ್ನು ಜಗಲಿಗೇ ತಂದೆ. ಬಿಳಿ ಬಟ್ಟೆ ಹಾಸಿ ಸತ್ತ ಕಣಜಗಳನ್ನು ಉದುರಿಸಿ ಭೂತಗನ್ನಡಿ ಮುಂದೆ ಹಿಡಿದೆ. ಅವರು ತಮ್ಮ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಬಹಳ ಹೊತ್ತು ಬಗ್ಗಿ ನೋಡಿದರು.

‘ಇದ್ ಯಾರ ಪರ ಅಂತ ಕೇಳ್,’ ಎಂದರು ಅತ್ತೆಗೆ.

‘ಯಾರ ಪರವೂ ಅಲ್ಲ ಮಾವ. ಅದಕ್ಕೆ ಹುಳ ಬೇಕು. ಹುಳಕ್ಕೆ ಪೈರು ಬೇಕು. ನಾವು ನಡುವೆ ಬಂದು ಎರಡನ್ನೂ ಕೊಂದರೆ ಹುಳ ಬೇಗ ವಾಪಸು ಬರುತ್ತದೆ, ಇದು ಬರುವುದಕ್ಕೆ ತಡ.’

‘ಅಷ್ಟರೊಳಗೆ ನಮ್ಮ ಭತ್ತ?’ ಎಂದರು, ಅತ್ತೆಯ ಕಡೆಗೇ ನೋಡಿ.

ಕೊಳವೆಯಾದ ತೆಂಡೆ ಹೋದದ್ದೇ ಎಂದೆ. ಬೇಗ ಹುಳ ಬಿದ್ದ ಬುಡದಲ್ಲಿ ಹೊಸ ತೆಂಡೆ ಒಡೆಯುತ್ತಿರುವುದನ್ನು ಕಂಡಿದ್ದೇನೆ, ಅದರಲ್ಲಿ ಒಂದಿಷ್ಟು ಸಿಗಬಹುದು ಎಂದೆ. ಅವರು ಕನ್ನಡಕ ಮಡಿಸಿಟ್ಟರು. ‘ಬಯಲಿನವೆಲ್ಲ ಹೊಡೆವಾಗ ನಾವು ಮಾತ್ರ ಸುಮ್ಮನೆ ಕೂರಿಕೆ ಆಕಿಲ್ಲೆ.’

ಗ್ರಾಮಸೇವಕರು ಪಂಪು, ಡಬ್ಬ ಹೊರಿಸಿಕೊಂಡು ಬಂದದ್ದು ಮಳೆ ಬಿಟ್ಟ ಒಂದು ಬೆಳಗ್ಗೆ. ನಾನು ಏನು ಮಾಡಬೇಕೆಂದು ಇನ್ನೂ ಯೋಚಿಸುತ್ತಿದ್ದೆ. ಅಷ್ಟರಲ್ಲಿ ಅತ್ತೆ ಏಡಿ ಹಿಡಿಯುವ ಬುಟ್ಟಿ ಸೊಂಟಕ್ಕೆ ಕಟ್ಟಿಕೊಂಡು, ಸೀರೆ ಮೇಲೆತ್ತಿ ಸಿಕ್ಕಿಸಿ, ಯಾರ ಕಡೆಯೂ ನೋಡದೆ ಗದ್ದೆಗೆ ಇಳಿದರು. ಬದುವಿನ ತೂತಿಗೆ ಕೈ ಹಾಕಿ ಒಂದು ಏಡಿ ಹಿಡಿದರು. ಮುಂದಿನ ತೂತಿಗೆ ಹೋದರು.

‘ಮೇಲೆ ಬಾ,’ ಎಂದರು ಮಾವ ಬದುವಿನ ಮೇಲಿನಿಂದ. ‘ಔಷಧಿ ಹೊಡಿತವೆ.’

‘ನಂದ್ ಇನ್ನೂ ಏಡಿ ಹಿಡ್ದ್ ಆತ್‌ಲೆ.’

‘ನಾಳೆ ಹಿಡಿ.’

‘ಇಂದ್ ಹೊಡೆದರೆ ನಾಳೆಗೆ ಏಡಿ ಎಲ್ಲಿ ಉಟ್ಟು? ಕೇಳಿ ಅವರ ಹತ್ರ. ಹೊಡೆದ ಗದ್ದೆದ್ ಏಡಿ ತಿಂಬಕೆ ಆದೆನಾ ಅಂತ ಕೇಳಿ.’

ಗ್ರಾಮಸೇವಕರು ಸುಳ್ಳು ಹೇಳುವ ಮನುಷ್ಯನಲ್ಲ. ‘ಮೀನು, ಏಡಿ ಸಾಯ್ತವೆ. ಸ್ವಲ್ಪ ದಿನ ತಿನ್ನಬಾರದು,’ ಎಂದರು.

ಆ ಮಳೆಗಾಲವಿಡೀ ನಮ್ಮ ಸಾರಿನಲ್ಲಿ ಬೇಯುತ್ತಿದ್ದುದು ಆ ಏಡಿಗಳೇ. ಅತ್ತೆಗೆ ಕಣಜದ ಮೇಲೆ ಯಾವ ಪ್ರೀತಿಯೂ ಇರಲಿಲ್ಲ. ಕಣ್ಣಿಗೆ ಕಾಣದ್ದಕ್ಕೆ ಇಷ್ಟು ಗಲಾಟೆ ಯಾಕೆ ಎಂದು ನನ್ನನ್ನೇ ಕೇಳಿದ್ದರು. ಅವರ ಜಗಳ ಏಡಿಗಾಗಿ, ನನ್ನ ಜಗಳ ಕಣಜಕ್ಕಾಗಿ, ಗದ್ದೆ ಒಂದೇ. ನಾನೂ ಸೀರೆ ಎತ್ತಿ ಕಟ್ಟಿ ಇಳಿದು, ಪಂಪು ಇಟ್ಟಿದ್ದ ಕಡೆಯ ಪೈರಿನ ನಡುವೆ ನಿಂತೆ. ಕೆಸರು ಮೊಣಕಾಲಿನವರೆಗೆ ಬಂತು.

‘ಹೆಂಗಸರು ಒಳಗಿದ್ರೆ ಹೊಡೆಯೋ ಹಂಗಿಲ್ಲ ಯಜಮಾನ್ರೆ, ವಿಷ ಅದು,’ ಎಂದರು ಗ್ರಾಮಸೇವಕರು.

‘ವಿಷ ಅಂತ ಈಗ ಹೇಳಿದಿರಿ. ಜಗಲಿಯಲ್ಲಿ ಔಷಧಿ ಅಂದಿರಿ,’ ಎಂದೆ ನಾನು.

ಮಾವನ ಮುಖ ಕೆಂಪಾಯಿತು. ಪಕ್ಕದ ಗದ್ದೆಯವರು ಕೆಲಸ ಬಿಟ್ಟು ನೋಡುತ್ತಿದ್ದರು. ಮಾವ ಕೂಗಬಹುದಿತ್ತು, ಕೂಗಲಿಲ್ಲ. ಬದುವಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು ಕಾದರು. ನಾವೂ ಕಾದೆವು. ಬಿಸಿಲೇರಿತು, ಮತ್ತೆ ಮೋಡ ಕವಿಯಿತು, ಹನಿ ಬೀಳತೊಡಗಿತು. ಮಳೆಗೆ ಹೊಡೆದರೆ ತೊಳೆದು ಹೋಗುತ್ತದೆ ಎಂದು ಗ್ರಾಮಸೇವಕರು ಪಂಪು ಎತ್ತಿಸಿಕೊಂಡು ಮೇಲಿನ ಗದ್ದೆಯವರ ಮನೆಗೆ ಹೋದರು. ನಾವು ಮನೆಗೆ ಬಂದು ಏಡಿ ಸಾರು ಮಾಡಿದೆವು. ಮಾವ ಉಂಡರು.

ಇಷ್ಟಕ್ಕೇ ಗೆದ್ದೆವೆಂದು ನಾನು ಅಂದುಕೊಂಡಿದ್ದೆ. ಮಳೆ ಹೊಳವಾದಾಗ ಮೇಲಿನ ಗದ್ದೆಯವರು ಹೊಡೆದರು. ಅವರ ನೀರು ಬದುವಿನ ಬಾಯಿಯಿಂದ ನಮ್ಮ ಗದ್ದೆಗೇ ಇಳಿಯುತ್ತಿತ್ತು. ಮರುದಿನ ಬೆಳಗ್ಗೆ ಕೊಟ್ಟಿಗೆಯಲ್ಲಿದ್ದಾಗ ಮಾವನ ದನಿ ಕೇಳಿತು. ಕರೆದದ್ದು ಅತ್ತೆಯನ್ನಲ್ಲ.

‘ಗೂಡೆ, ಹಾರೆ ತಕಂಡ್ ಬಾ. ನೀರ್ ಕಟ್ಟೊಕು.’

ಗೂಡೆ ಎಂದರೆ ಆ ಮನೆಯ ಮಾತಿನಲ್ಲಿ ಹುಡುಗಿ. ಓಡಿದೆ. ಬದುವಿನ ಬಾಯಿಯಲ್ಲಿ ಸಣ್ಣ ಮೀನುಗಳು ಹೊಟ್ಟೆ ಮೇಲಾಗಿ ತೇಲಿ ಬರುತ್ತಿದ್ದವು, ಒಂದರ ಹಿಂದೆ ಒಂದು. ಏಡಿಗಳು ತೂತಿನಿಂದ ಹೊರಬಂದು ಬದುವಿನ ಮೇಲೆ ಕಾಲು ಅಲ್ಲಾಡಿಸುತ್ತಾ ಬಿದ್ದಿದ್ದವು. ನಾನೂ ಮಾವನೂ ಕೆಸರು ಎತ್ತಿ ಹಾಕಿ ಬಾಯಿ ಮುಚ್ಚಿದೆವು, ನೀರನ್ನು ತೋಡಿಗೆ ತಿರುಗಿಸಿದೆವು. ಅಷ್ಟರಲ್ಲಿ ಬರಬೇಕಾದದ್ದು ಬಂದಾಗಿತ್ತು. ಮೇಲಿನ ಮಡಿಗಳಲ್ಲಿ ಆ ವರ್ಷ ಕಪ್ಪೆಯ ದನಿ ಕೇಳಲಿಲ್ಲ. ಅತ್ತೆ ಸತ್ತ ಏಡಿಗಳನ್ನು ಆರಿಸಿ ಗುಂಡಿ ತೆಗೆದು ಹೂತರು, ನಾಯಿ ತಿನ್ನಬಾರದೆಂದು.

ತೋಡಿನಲ್ಲಿ ಕೈ ತೊಳೆಯುವಾಗ ಮಾವ ಕೇಳಿದರು, ‘ನಿನ್ನ ಕಣಜವೂ ಸತ್ತವಾ?’

‘ಮೇಲಿನ ಮಡಿಯಲ್ಲಿ ಸತ್ತಿರಬಹುದು. ಕೆಳಗಿನದರಲ್ಲಿ ಉಳಿದಿರಬಹುದು. ನೋಡಬೇಕು.’

‘ನೋಡ್,’ ಎಂದರು. ಅವತ್ತಿನಿಂದ ಅವರು ನನ್ನೊಂದಿಗೆ ನೇರವಾಗಿಯೇ ಮಾತಾಡಿದರು, ಬೈಯುವುದಾದರೂ ನೇರವಾಗಿಯೇ.

ಹುತ್ತರಿ ಹಬ್ಬ ಕಳೆದು ಕೊಯ್ಲಾಯಿತು. ನಮ್ಮ ಭತ್ತ ಕಡಿಮೆಯೇ ಬಂತು. ಔಷಧಿ ಹೊಡೆದವರದ್ದೂ ಕಡಿಮೆಯಾಗಿತ್ತು, ಆದರೆ ನಮ್ಮಷ್ಟಲ್ಲ ಎಂದು ಅವರು ಹೇಳಿಕೊಂಡರು, ಇರಲೂಬಹುದು. ಭತ್ತ ಬಡಿಯುವ ಕಳಕ್ಕೆ ಬಂದ ಪಕ್ಕದ ಗದ್ದೆಯ ಹಿರಿಯರೊಬ್ಬರು ರಾಶಿಯನ್ನು ಕಾಲಿನಿಂದ ಸರಿಸಿ ನೋಡಿ, ‘ಸೊಸೆಯ ಹುಳಗಳಿಗೆ ಪಾಲು ಕೊಟ್ಟು ಉಳಿದದ್ದು ಇಷ್ಟೇಯಾ?’ ಎಂದು ನಕ್ಕರು. ನಾನು ಮೊರ ಕೆಳಗಿಟ್ಟು ಎದ್ದೆ. ಮಾವ ಕೈ ಎತ್ತಿ ನನ್ನನ್ನು ತಡೆದರು.

‘ಇಷ್ಟೇ,’ ಎಂದರು. ‘ನಮ್ಮ ಮನೆಲಿ ಹುಳ ಸಾಕುವೆ. ಬರುವ ವರ್ಷವೂ ಸಾಕುವೆ.’

ಆ ಮಾತಿಗೆ ನನ್ನ ಕಣ್ಣು ತುಂಬಿತು. ಹೊಟ್ಟು ಬಿತ್ತೆಂದು ಒರೆಸಿಕೊಂಡೆ.

ಬರುವ ವರ್ಷವೂ ಹೊಡೆಯಲಿಲ್ಲ, ಅದರ ಮುಂದಿನ ವರ್ಷವೂ ಹೊಡೆಯಲಿಲ್ಲ. ನೀರಿನ ಬಾಯಿಯನ್ನು ಮೊದಲೇ ತೋಡಿನ ಕಡೆಗೆ ಮಾಡಿಕೊಂಡಿದ್ದೆವು. ಕೊಳವೆ ಬಿದ್ದವು. ಕಿತ್ತು ತಂದರೆ ನೊಣ ಕಡಿಮೆ, ಕಣಜ ಹೆಚ್ಚು. ಆಮೇಲಾಮೇಲೆ ಕೊಳವೆಗಳೇ ವಿರಳವಾದವು. ಅದು ಕಣಜದಿಂದಲೋ, ಬೇಗ ನಾಟಿ ಮಾಡಿದ್ದರಿಂದಲೋ, ಮಳೆ ಬೇರೆ ಥರ ಬಂದದ್ದರಿಂದಲೋ ಖಂಡಿತವಾಗಿ ಹೇಳಲು ನನಗೆ ಆಗುವುದಿಲ್ಲ. ಹೇಳಬೇಕಾದ ಒತ್ತಾಯವೂ ನನಗಿಲ್ಲ. ಔಷಧಿ ಹೊಡೆದವರಿಗೂ ಖಂಡಿತ ಗೊತ್ತಿರಲಿಲ್ಲ, ಆದರೆ ಅವರನ್ನು ಯಾರೂ ಕೇಳುತ್ತಿರಲಿಲ್ಲ.

ಆ ವರ್ಷಗಳಲ್ಲೇ ಒಮ್ಮೆ ನಾಪೋಕ್ಲಿನ ಶಾಲೆಯಲ್ಲಿ ರೈತರ ಸಭೆ ಸೇರಿಸಿದ್ದರು. ದೊಡ್ಡ ಅಧಿಕಾರಿಯೊಬ್ಬರು ಜೀಪಿನಲ್ಲಿ ಬಂದಿದ್ದರು. ಗಂಡಸರು ಬೆಂಚುಗಳ ಮೇಲೆ, ನಾನೂ ಅತ್ತೆಯೂ ಹೊರಗಿನ ಜಗಲಿಯಲ್ಲಿ, ಕಿಟಕಿಯ ಪಕ್ಕ. ಒಬ್ಬರು ಔಷಧಿ ಹೊಡೆಯದಿದ್ದರೆ ಅವರ ಗದ್ದೆಯಿಂದ ಊರಿಗೆಲ್ಲ ಕೇಡು, ಇಲ್ಲೂ ಅಂಥವರಿದ್ದಾರೆಂದು ಕೇಳಿದ್ದೇನೆ ಎಂದರು ಅಧಿಕಾರಿ. ಬೆಂಚಿನ ಮೇಲಿದ್ದ ತಲೆಗಳು ಕಿಟಕಿಯ ಕಡೆ ತಿರುಗಿದವು. ಮಾವ ಎದ್ದು ನಿಲ್ಲಲು ಹೊರಟರು. ಅವರಿಗಿಂತ ಮೊದಲು ನಾನು ಬಾಗಿಲಿನಿಂದ ಒಳಗೆ ಹೋಗಿದ್ದೆ.

‘ಅದು ನಮ್ಮ ಗದ್ದೆ,’ ಎಂದೆ.

‘ನಿಮ್ಮ ಯಜಮಾನರು ಬಂದಿದ್ದಾರೇನಮ್ಮಾ? ಅವರು ಮಾತಾಡಲಿ.’

‘ಅವರು ಸಿದ್ದಾಪುರದಲ್ಲಿದ್ದಾರೆ. ಕೊಳವೆ ಕಿತ್ತು ನೋಡಿದವಳು ನಾನು. ನನ್ನನ್ನೇ ಕೇಳಿ.’

ಹಿಂದಿನಿಂದ ಯಾರೋ ನಕ್ಕರು. ಗೋಡೆಗೆ ಒರಗಿ ನಿಂತಿದ್ದ ಗ್ರಾಮಸೇವಕರು ನಗಲಿಲ್ಲ. ‘ಕೇಳಿ ಸಾರ್,’ ಎಂದರು. ‘ನಾನೂ ಕೊಳವೆ ಸೀಳಿ ನೋಡ್ದೆ. ಅವರು ಹೇಳೋದು ಒಳಗೆ ಐತೆ.’

ಅಧಿಕಾರಿ ಕೈಗಡಿಯಾರ ನೋಡಿದರು, ಆಮೇಲೆ ಕುರ್ಚಿಯ ಬೆನ್ನಿಗೆ ಒರಗಿದರು. ಹೇಳಿ ಎಂದರು. ನಾನು ಬಾಗಿಲ ಬಳಿಯಿಂದ ಅವರ ಮೇಜಿನವರೆಗೆ ನಡೆದು ಹೋಗಿ, ಗಂಡಸರ ಕಡೆ ಮುಖ ಮಾಡಿ ನಿಂತು, ನೊಣ ಮೊಟ್ಟೆಯಿಡುವಲ್ಲಿಂದ ಶುರುಮಾಡಿದೆ. ಗೊತ್ತಿದ್ದದ್ದನ್ನು ಗೊತ್ತಿದೆ ಎಂದೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೆ. ಕೊನೆಯ ಬೆಂಚಿನವರಿಗೆ ಕೇಳುವಷ್ಟು ಜೋರಾಗಿಯೇ ಹೇಳಿದೆ. ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಧಿಕಾರಿ ಒಂದು ಪ್ರಶ್ನೆ ಕೇಳಿದರು, ಅದಕ್ಕೆ ಉತ್ತರ ಕೊಟ್ಟೆ. ಇನ್ನೊಂದು ಕೇಳಿದರು. ಆಮೇಲೆ ಮುಂದಿನ ಬೆಂಚಿನಿಂದ ಕಳದಲ್ಲಿ ನಕ್ಕಿದ್ದ ಆ ಹಿರಿಯರು ಎದ್ದು, ತಮ್ಮ ಗದ್ದೆಯ ಕೊಳವೆಗಳಲ್ಲಿ ಏನಿದೆಯೆಂದು ಹೇಗೆ ತಿಳಿಯುವುದು ಎಂದು ಕೇಳಿದರು. ಕೇಳಿದ್ದು ಅಧಿಕಾರಿಯನ್ನಲ್ಲ.

‘ನಾಳೆ ಬೆಳಗ್ಗೆ ಗದ್ದೆಯಲ್ಲಿರಿ,’ ಎಂದೆ. ‘ನಾನು ಬರುತ್ತೇನೆ.’